ಹುಳು ಹಿಡಿದ ಅವರೆಕಾಳು

ಕೆಟ್ಟದ್ದು ಮಾಡುವವರನ್ನಾದರೂ ತಡೆಯಬಹುದು, ಒಳ್ಳೆಯದು ಮಾಡಲು ಹೊರಟವರನ್ನು ಆ ದೇವರೂ ತಡೆಯಲಾರ. ಬುಧವಾರ ಸಂಜೆ ಬೆಂಗಳೂರಿನ ಕಾಲೇಜಿನಿಂದ ಹೊರಟು ರೈಲಿಳಿದು ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯ ಬಾಡಿಗೆ ಮನೆಗೆ ಬಂದ ಗಂಗರತ್ನ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಹನ್ನೆರಡು ಗಾಜಿನ ಶೀಷೆಗಳನ್ನು ತೊಳೆದು ಬೋರಲು ಹಾಕಲಾಗಿತ್ತು. ಅವುಗಳೊಳಗಿದ್ದ ಅವರೆಕಾಳು ಅಂಗಳದ ಚಾಪೆಯ ಮೇಲೆ ಹರಳೆಣ್ಣೆ ಸವರಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಹುಳುಗಳನ್ನೆಲ್ಲ ಜರಡಿ ಹಿಡಿದು ಪಕ್ಕದ ಮನೆಯ ಕೋಳಿಗಳಿಗೆ ಹಾಕಿ, ಕ್ಯಾಸಂಬಳ್ಳಿಯಿಂದ ಬಂದಿದ್ದ ದೊಡ್ಡಮ್ಮ ನರಸಮ್ಮ ಹೆಮ್ಮೆಯಿಂದ ಕೂತಿದ್ದಳು.

"ಯಾರಾನ ನೋಡಿದ್ರೆ ಏನಂದಾರು? ಓದಿದ ಎಣ್ಣು ಉಳ ಬಿದ್ದ ಕಾಳು ಸೀಸೇಲಿ ಮಡಗವ್ಳೆ ಅಂತ ನಗಲ್ವಾ?"

ಆ ಹುಳುಗಳೇ ಗಂಗರತ್ನಳ ಎಂ.ಎಸ್ಸಿ. ಪರೀಕ್ಷೆ. ನಿಂಬೆಹುಲ್ಲು, ನೀಲಗಿರಿ, ಲಕ್ಕಿಸೊಪ್ಪು ಇವುಗಳಿಂದ ಇಳಿಸಿದ ಎಣ್ಣೆ ಕಾಳಿನ ಹುಳುವನ್ನು ಕೊಲ್ಲುತ್ತದೆಯೇ ಎಂದು, ಕಾಳು ಇಡುವ ಮನೆಯ ಹವೆಯಲ್ಲೇ ನೋಡಬೇಕಿತ್ತು. ಎಣ್ಣೆ ಹಾಕಿದ ಶೀಷೆಯಲ್ಲಿ ಹುಳು ಸಾಯಬೇಕು, ಹಾಕದ ಶೀಷೆಯಲ್ಲಿ ಬದುಕಿರಬೇಕು. ಆಗ ಮಾತ್ರ ಕೊಂದದ್ದು ಎಣ್ಣೆ ಎಂದು ಹೇಳಬಹುದು. ಸೋಮವಾರ ಕಾಲೇಜಿನ ಮೇಷ್ಟ್ರೇ ಬಂದು ಎಣಿಸುವವರಿದ್ದರು. ಮೂರು ದಿನವಾದರೂ ಹುಳು ಶೀಷೆಯಲ್ಲಿರಬೇಕು. ಇಲ್ಲದಿದ್ದರೆ ಒಂದು ವರ್ಷ ಮಣ್ಣುಪಾಲು.

ಇದನ್ನೆಲ್ಲ ಹೇಳಿ ಗಂಗರತ್ನ ಅತ್ತಳೇ ಹೊರತು ಬೈಯಲಿಲ್ಲ. ತಾಯಿ ಇಲ್ಲದ ಅವಳನ್ನು ಎತ್ತಿ ಆಡಿಸಿದ, ಕ್ಯಾಸಂಬಳ್ಳಿಯ ಮೊದಲ ಬಸ್ಸಿಗೆ ಹಾಲು, ರಾಗಿಹಿಟ್ಟು ಕಳಿಸಿ ಓದಿಸಿದ ಕೈ ಅದು. ನರಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೊನೆಯ ಬಸ್ಸಿಗೆ ಊರಿಗೆ ಹೋದಳು.

ಮರುದಿನ ಗಂಗರತ್ನ ಕೋದಂಡಪ್ಪನ ದಿನಸಿ ಅಂಗಡಿಗೆ ಹೋಗಿ ಹುಳು ಹಿಡಿದ ಅವರೆ ಕೇಳಿದಳು. ಕೋದಂಡಪ್ಪ ಅತ್ತಿತ್ತ ನೋಡಿದ.

"ಮೆಲ್ಲಗೆ ಮಾತಾಡಮ್ಮಾ! ನಮ್ಮಂಗಡೀಲಿ ಉಳಾನಾ? ಬೇಕಾದ್ರೆ ಎದುರಂಗಡೀಲಿ ಕೇಳು."

ಎದುರಂಗಡಿಯವನು ಅವಳನ್ನು ವಾಪಸ್ಸು ಕೋದಂಡಪ್ಪನಲ್ಲಿಗೇ ಕಳಿಸಿದ. ನಮ್ಮ ಕಡೆ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಎಂದು ಬೇಕಾದರೆ ಒಪ್ಪಿಕೊಂಡಾರು, ಕಾಳಿಗೆ ಹುಳು ಬಿದ್ದಿದೆ ಎಂದು ಒಪ್ಪುವವರಿಲ್ಲ. ಅದರಲ್ಲೂ ನರಸಮ್ಮನದು ಎತ್ತಿದ ಕೈ. ಊರಿನಲ್ಲಿ ನೆರೆಮನೆಯ ಅಕ್ಕಯ್ಯಮ್ಮನ ಕಾಳಿಗೆ ಹುಳು ಬಿದ್ದಾಗ ಬಾವಿಕಟ್ಟೆಯಲ್ಲಿ ವಾರಗಟ್ಟಲೆ ಆಡಿಕೊಂಡವಳು.

ಶುಕ್ರವಾರ ಬೆಳಿಗ್ಗೆ ನರಸಮ್ಮ ತಗಡಿನ ಡಬ್ಬವೊಂದನ್ನು ಎದೆಗವಚಿಕೊಂಡು ಬಂದಳು. ಮುಚ್ಚಳ ತೆಗೆದರೆ ತೂತುಬಿದ್ದ ಅವರೆಕಾಳಿನ ಮೇಲೆ ಹುಳುಗಳು ಗಿಜಿಗುಟ್ಟುತ್ತಿದ್ದವು.

"ಅಕ್ಕಯ್ಯಮ್ಮನ ಮನೇದಾ ದೊಡ್ಡಮ್ಮ?"

"ನಮ್ಮನೇದೇ ಕಣಮ್ಮಾ. ಮೂರು ವರ್ಸದಿಂದ ಕಾಳು ತುಂಬೋ ವಾಡೇಲಿ ಬೀಳ್ತಾನೇ ಐತೆ. ಯಾರ್ಗೂ ಕಾಣ್ದಂಗೆ ಎಮ್ಮೆಗೆ ಬೇಯಿಸಿ ಆಕ್ತಿದ್ದೆ."

"ಬಸ್ಸಲ್ಲಿ ಯಾರೂ ನೋಡಲಿಲ್ವಾ?"

"ನೋಡ್ದೆ ಏನು? ಉಳ ಎದ್ದು ಅಕ್ಕಯ್ಯಮ್ಮನ ಸೀರೆ ಮೇಲೇ ಅರೀತು. ಯಾರದು ಅಂದ್ಲು. ನಂದೇ ಅಂದೆ."

ನೆಲದಿಂದ ಬಂಗಾರ ತೆಗೆಯುವ ಈ ಊರಿನಲ್ಲಿ ಇದಕ್ಕಿಂತ ದೊಡ್ಡದನ್ನು ಯಾರೂ ಗಂಗರತ್ನಳಿಗೆ ಕೊಟ್ಟಿರಲಿಲ್ಲ. ದೊಡ್ಡಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಇಬ್ಬರೂ ಕೂತು ಒಂಬತ್ತು ಶೀಷೆಗೆ ಎಣ್ಣೆ ಹಾಕಿ, ಮೂರನ್ನು ಹಾಗೇ ಉಳಿಸಿ, ಶೀಷೆಗೆ ಹತ್ತರಂತೆ ಹುಳು ಎಣಿಸಿ ಬಿಟ್ಟರು. ಒಂದು ಹುಳು ಹಾರಿದ್ದಕ್ಕೆ ನರಸಮ್ಮ ಅದರ ಹಿಂದೆ ಮನೆಯೆಲ್ಲ ಓಡಾಡಿದಳು.

ಸೋಮವಾರ ಮೇಷ್ಟ್ರು ಎಣಿಸಿದರು. ನಿಂಬೆಹುಲ್ಲಿನ ಎಣ್ಣೆಯ ಮೂರೂ ಶೀಷೆಗಳಲ್ಲಿ ಒಂದು ಹುಳುವೂ ಉಳಿದಿರಲಿಲ್ಲ. ನೀಲಗಿರಿಯಲ್ಲೂ ಲಕ್ಕಿಯಲ್ಲೂ ಮುಕ್ಕಾಲು ಪಾಲು ಸತ್ತಿದ್ದವು. ಎಣ್ಣೆ ಹಾಕದ ಶೀಷೆಗಳಲ್ಲಿ ಅಷ್ಟೂ ಓಡಾಡಿಕೊಂಡಿದ್ದವು. ಮೇಷ್ಟ್ರು ಖುಷಿಯಿಂದ ಪೆನ್ನು ತೆಗೆದರು.

"ಕಾಳು ಎಲ್ಲಿಯದಮ್ಮ? ಬರೆದಿಡಬೇಕು."

"ಕ್ಯಾಸಂಬಳ್ಳಿ ಸಂತೇದು ಸಾರ್," ಎಂದಳು ಗಂಗರತ್ನ, ದೊಡ್ಡಮ್ಮನ ಮಾನ ಉಳಿಸಲು.

ಅಡುಗೆಮನೆಯ ಬಾಗಿಲಿನಿಂದ ದನಿ ಬಂತು.

"ಸಂತೇದಲ್ಲ ಸ್ವಾಮಿ. ನರಸಮ್ಮನ ಮನೇದು ಅಂತ ಬರ್ಕೊಳಿ."