ಡ್ವೇನ್ ಸಾಹೇಬರ ಪರವಾಗಿ

"ನಿಲ್ಲೋದು ನಾನು, ಜ್ಞಾನತಂದೆ ಅನ್ನಿಸಿಕೊಳ್ಳೋದು ಆ ಅಮೆರಿಕದವನು! ಚೆನ್ನಾಗಿದೆ ಕಣೋ ನಿನ್ನ ನ್ಯಾಯ," ಎಂದು ಜೀಪ್ನಿ ಎಂಬ ಬಾಡಿಗೆ ಗಾಡಿ ಓಡಿಸುವ ಇಸ್ಕೊ ಚರ್ಚಿನ ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಮೆಲ್ಲಗೆ, ಮಾಮ," ಎಂದ ಮಗುವಿನ ತಂದೆ ರುಫಿನೊ. "ಡ್ವೇನ್ ಸಾಹೇಬರು ಬರ್ತೀನಿ ಅಂದಿದ್ರು. ಹಡಗು ಮೊದಲೇ ಹೊರಟುಬಿಡ್ತು. ಅವರೇನು ಮಾಡ್ತಾರೆ?"

ಒಲೊಂಗಾಪೊದಲ್ಲಿ ಇದೇನೂ ಹೊಸತಲ್ಲ. ಮಗುವಿನ ಜ್ಞಾನಸ್ನಾನದ ದಿನ ಅದರ ಹೊಣೆ ಹೊರಬೇಕಾದ ಜ್ಞಾನತಂದೆ ಊರಲ್ಲಿಲ್ಲದಿದ್ದರೆ ಅವನ ಪರವಾಗಿ ಇನ್ನೊಬ್ಬರು ನಿಲ್ಲುತ್ತಾರೆ. ಸಂಬಂಧ ಮಾತ್ರ ದೂರದವನಿಗೇ ಸೇರುತ್ತದೆ. ತಮ್ಮ ದೇಶದ ಸೆನೆಟ್ ನೆಲೆಯ ಒಪ್ಪಂದ ಬೇಡವೆಂದ ಮೇಲೆ ಅಮೆರಿಕದ ನೌಕಾನೆಲೆ ಖಾಲಿಯಾಗುತ್ತಿತ್ತು. ಅಲ್ಲಿಯ ಬೆಸುಗೆ ಕೆಲಸವನ್ನೇ ನಂಬಿದ್ದ ರುಫಿನೊಗೆ ಉಳಿದಿದ್ದ ಆಸೆ ಒಂದೇ: ಆ ನೆಲೆಯ ಸಾಹೇಬ ಡ್ವೇನ್ ಜ್ಞಾನತಂದೆಯಾದರೆ ಮನೆಯ ನಂಟನಾದಂತೆ, ಎಂದಾದರೂ ಅಮೆರಿಕದವರದೇ ಆದ ಗುವಾಮ್ ದ್ವೀಪಕ್ಕೆ ಕೆಲಸಕ್ಕೆ ಕರೆಸಿಕೊಂಡಾನು. ಪಾಪ, ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಇಸ್ಕೊ ಆ ನೆಲೆ ತೊಲಗಲಿ ಎಂದು ಬಾವುಟ ಹಿಡಿದು ರಾಜಧಾನಿ ಮನಿಲಾದವರೆಗೂ ಹೋಗಿ ಕೂಗಿ ಬಂದವನು. ಆದರೂ ಪಕ್ಕದ ಮನೆಯವನಲ್ಲವೇ, ಕರೆದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಸೈನ್ಯ ಹೋದ್ರೂ ರಕ್ಷಣೆ ಒಪ್ಪಂದ ಹಾಗೇ ಇದೆಯಂತೆ, ಮಾಮ. ಯಾರಾದ್ರೂ ನಮ್ಮ ಮೇಲೆ ಬಿದ್ರೆ ಬರ್ತಾರಂತೆ," ಎಂದ ರುಫಿನೊ.

"ಬರ್ತಾರೆ, ಬರ್ತಾರೆ. ಮನೆ ಸುಟ್ಟ ಮೇಲೆ ಬೂದಿ ನೋಡೋಕೆ."

"ಅವರನ್ನ ಓಡಿಸಿದ್ದು ನೀವೇ ತಾನೇ?" ಎಂದಳು ರುಫಿನೊನ ಹೆಂಡತಿ ಲುಸಿಂಗ್. "ಇನ್ಮೇಲೆ ಊಟಕ್ಕೆ ನಿಮ್ಮ ಬಾವುಟ ಬೇಯಿಸಿ ಹಾಕ್ಲಾ?"

ಇಸ್ಕೊ ಒಳಗೆ ನಡೆದ.

ನೀರು ಹಾಕುವ ಮುನ್ನ ಪಾದ್ರಿಗಳು ಕೇಳಿದರು: "ಈ ಮಗುವನ್ನು ಬೆಳೆಸೋದಕ್ಕೆ ತಂದೆತಾಯಿಗೆ ಹೆಗಲು ಕೊಡ್ತೀಯಾ? ಡ್ವೇನ್ ಪರವಾಗಿ ಹೇಳು."

ಇಸ್ಕೊ ತಲೆ ಕೆರೆದುಕೊಂಡ. "ಅವನ ಪರವಾಗಿ ನಾನು ಹೆಂಗೆ ಹೇಳ್ಲಿ ಫಾದರ್? ಅವನು ಬರ್ತಾನೋ ಇಲ್ವೋ, ಯಾರಿಗ್ಗೊತ್ತು. ನನ್ನ ಪರವಾಗಿ ಬೇಕಾದ್ರೆ ಹೇಳ್ತೀನಿ. ಕೊಡ್ತೀನಿ."

ಪಾದ್ರಿಗಳು ರುಫಿನೊನ ಕಡೆ ತಿರುಗಿದರು. "ಜ್ಞಾನತಂದೆ ಅಂತ ಯಾರ ಹೆಸರು ಬರೀಲಪ್ಪಾ?"

ಡ್ವೇನ್ ಹೆಸರು ಬಿಟ್ಟರೆ ರುಫಿನೊಗೆ ಗುವಾಮ್ ಕೂಡ ಹೋದಂತೆಯೇ. ಲುಸಿಂಗಳಿಗೆ ಹೆರಿಗೆ ನೋವು ಬಂದಾಗ ಪ್ರಯಾಣಿಕರನ್ನೆಲ್ಲ ನಡುದಾರಿಯಲ್ಲೇ ಇಳಿಸಿ, ಜೀಪ್ನಿ ತಿರುಗಿಸಿಕೊಂಡು ಬಂದ ಇಸ್ಕೊ ಈಗ ರುಫಿನೊನ ಮುಖ ನೋಡದೆ ಅಂಗಿಯ ತುದಿ ಎಳೆದುಕೊಳ್ಳುತ್ತಿದ್ದ.

"ಇವರದೇ," ಎಂದ ರುಫಿನೊ.

ಲುಸಿಂಗ್ ಮಗುವನ್ನು ಇಸ್ಕೊನ ಕೈಗಿಟ್ಟಳು. "ಕತ್ತು ಹಿಡ್ಕೊಳ್ಳಿ, ಮಾಮ. ಇದು ಸ್ಟೇರಿಂಗ್ ಅಲ್ಲ."

ಅವನು ಡೀಸೆಲ್ ವಾಸನೆಯ ಅಂಗೈಯನ್ನು ಪುಟ್ಟ ತಲೆಯ ಕೆಳಗೆ ಸರಿಸಿ, ನೀರಿನತ್ತ ಬಗ್ಗಿದ.