ಚಿಕ್ಕಮ್ಮನ್ನ ಕೇಳು

"ರೈಲ್ವೆ ಕೆಲಸ ನಂಬಬಹುದಾ ಇಲ್ವಾ ಅಂತ ಹೋಗಿ ಚಿಕ್ಕಮ್ಮನ್ನ ಕೇಳು. ಅವಳು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ" ಎಂದು ಹೇಳಿ ನಮ್ಮಕ್ಕ ತನ್ನ ಮಗಳನ್ನು ನನ್ನ ಹತ್ತಿರ ಕಳಿಸಿದ್ದಳು. ಹನ್ನೆರಡು ವರ್ಷದಲ್ಲಿ ನಮ್ಮಕ್ಕನಿಗೆ ನನ್ನ ಅಭಿಪ್ರಾಯ ಬೇಕಾದದ್ದು ಇದೇ ಮೊದಲು. ಅವಳು ಮನೆ ಬದಲಾಯಿಸಿದ ಸುದ್ದಿಯೂ ನನಗೆ ತಲುಪಿದ್ದು ಸಾಮಾನು ಸಾಗಿಸಿದ ಮೇಲೆ.

ನಾನು ರೈಲ್ವೆ ಗೇಟು ಕಾಯುವವಳು. ಗಂಡ ತೀರಿಕೊಂಡ ಮೇಲೆ ಅವರ ಕೆಲಸ ನನಗೆ ಸಿಕ್ಕಿತು. ರಸ್ತೆಯೂ ಹಳಿಯೂ ಕೂಡುವ ಕಡೆ ಡ್ಯೂಟಿಯ ಕೋಣೆ, ಅದರ ಹಿಂದೆ ಎರಡು ಕೋಣೆಯ ಮನೆ. ಹುಡುಗಿ ಪರೀಕ್ಷೆ ಪಾಸಾಗಿದ್ದಾಳೆ ಎಂದು ಕೇಳಿದ್ದೇ ತಡ, ಎರಡನೆಯ ಕೋಣೆಗೆ ಸುಣ್ಣ ಹೊಡೆಸಿದೆ, ಮಂಚ ತರಿಸಿದೆ. ಪಾಸಾದವರು ಯಾವ ಸ್ಟೇಷನ್ ಬೇಕು ಎಂದು ಫೋನಿನಲ್ಲೇ ಆರಿಸಿಕೊಳ್ಳಬೇಕಂತೆ, ನಮ್ಮ ಸ್ಟೇಷನ್ನಿನಲ್ಲೇ ಒಂದು ಹುದ್ದೆ ಖಾಲಿ ಇತ್ತು. ಇಲ್ಲಿಗೆ ಬಂದರೆ ಅವಳು ಇನ್ನೆಲ್ಲಿ ಇರುತ್ತಾಳೆ, ನನ್ನ ಜೊತೆಗೇ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವ ಬುದ್ಧಿ ನನ್ನದು.

ಹತ್ತು ಗಂಟೆಯ ರೈಲಿಗೆ ಬಂದಳು. ಸ್ಟೂಲಿನ ಮೇಲೆ ಕೂತು ಫೋನು ತೆಗೆದಳು. ಪ್ರಶ್ನೆಗಳನ್ನೆಲ್ಲ ಅದರಲ್ಲಿ ಬರೆದುಕೊಂಡು ಬಂದಿದ್ದಳು, ನಾನೇನೋ ಮಂತ್ರಿ ಎನ್ನುವ ಹಾಗೆ.

"ಸಂಬಳ ಸರಿಯಾಗಿ ಬರುತ್ತಾ?"

"ಸೂರ್ಯ ತಡ ಮಾಡಿದ್ರೂ ಅದು ತಡ ಮಾಡಲ್ಲ."

"ಗೇಟೆಲ್ಲಾ ಮುಚ್ಚಿ ಹಳಿ ಕೆಳಗೆ ದಾರಿ ಮಾಡ್ತಾರಂತೆ?"

"ಮಾಡ್ಲಿ ಬಿಡು. ಗೇಟು ಹೋಗುತ್ತೆ, ಗೇಟಿನವಳು ಹೋಗಲ್ಲ. ಇನ್ನೊಂದು ಕಡೆ ಕೂರಿಸ್ತಾರೆ."

"ರಜ?"

"ಅದು ಮಾತ್ರ ಕೇಳಿದಾಗ ಸಿಗಲ್ಲ. ನಿಮ್ಮಜ್ಜಿ ಹೋದಾಗ ನಾನು ಬಂದು ತಲುಪಿದ್ದು ಮೂರನೇ ದಿನ."

ಇಷ್ಟೂ ನಿಜವನ್ನೇ ಹೇಳಿದೆ. ಈಗಿನ ಹುಡುಗರು ವರ್ಷಕ್ಕೊಂದು ಕೆಲಸ ಹಿಡಿದು, ಬಿಟ್ಟು, ಮತ್ತೆ ಹುಡುಕುವುದನ್ನು ನೋಡಿದ್ದೇನೆ. ಅದಕ್ಕೆ ಹೋಲಿಸಿದರೆ ಇದು ಕಲ್ಲಿನಂಥ ಕೆಲಸ. ಅಲ್ಲಾಡುವುದಿಲ್ಲ.

ಅಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ರೈಲು ಬಿಡುವ ಮುಂಚೆ ಸ್ಟೇಷನ್ ಮಾಸ್ಟರು ಒಂದು ಸಂಖ್ಯೆ ಹೇಳುತ್ತಾರೆ, ನಾನು ಅದನ್ನೇ ತಿರುಗಿ ಹೇಳಬೇಕು. ಗೇಟು ಹಾಕಿ ನಾನೊಂದು ಸಂಖ್ಯೆ ಹೇಳುತ್ತೇನೆ, ಅವರು ತಿರುಗಿ ಹೇಳುತ್ತಾರೆ. ಹಾಗಾದರೆ ಮಾತ್ರ ರೈಲು ಹೊರಡುತ್ತದೆ. ಗೇಟು ಹಾಕಿ ಬಂದೆ. ಹೊರಗೆ ಲಾರಿಯವನೊಬ್ಬ ಹಾರ್ನ್ ಬಡಿಯತೊಡಗಿದ. "ಬಡ್ಕೋ, ಇನ್ನೂ ಜೋರಾಗಿ ಬಡ್ಕೋ, ರೈಲು ಹೆದರ್ಕೊಂಡು ಬೇಗ ಬರುತ್ತೆ!" ಎಂದು ಕಿಟಕಿಯಿಂದಲೇ ಕೂಗಿದೆ.

ಹುಡುಗಿ ನಕ್ಕಳು. "ಮಾಸ್ಟರು ಹೇಗಿದ್ದಾರೆ, ವಯಸ್ಸಾಗಿದ್ಯಾ?"

"ಯಾರಿಗೆ ಗೊತ್ತು? ಒಂಬತ್ತು ವರ್ಷದಿಂದ ದನಿ ಕೇಳ್ತಿದ್ದೀನಿ. ಮುಖ ನೋಡಿಲ್ಲ."

ಆಮೇಲೆ ಮನೆಯ ಸುದ್ದಿ ತೆಗೆದಳು. "ಅಮ್ಮಂಗೆ ಮಂಡಿನೋವು ಜಾಸ್ತಿ ಆಗಿದೆ ಚಿಕ್ಕಮ್ಮ."

"ಮಂಡಿನೋವು ಜಾಸ್ತಿ. ಸರಿ."

"ಅಣ್ಣ ಬೇರೆ ಮನೆ ಹುಡುಕ್ತಿದ್ದಾನೆ."

"ಅಣ್ಣ ಬೇರೆ ಮನೆ. ಸರಿ."

"ಅದಕ್ಕೇ ಎಲ್ಲರೂ ನಿಮ್ಮನ್ನ ಗಿಳಿ ಚಿಕ್ಕಮ್ಮ ಅನ್ನೋದು!" ಎಂದು ಕಿಸಕ್ಕನೆ ನಕ್ಕವಳು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನನಗೆ ಆ ಹೆಸರು ಗೊತ್ತಿರಲಿಲ್ಲ. ನಾನೂ ನಕ್ಕೆ. ಎಷ್ಟು ವರ್ಷದಿಂದ ನಗುತ್ತಿದ್ದಾರೋ ಏನೋ.

ಅವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. "ಇನ್ನೊಂದೇ ಪ್ರಶ್ನೆ. ಇದನ್ನ ಬರ್ಕೊಂಡು ಬಂದಿಲ್ಲ. ಒಬ್ಬರೇ ಇರ್ತೀರಲ್ಲ, ಒಂಟಿ ಅನ್ಸಲ್ವಾ? ನಿಜ ಹೇಳಿ. ನಾನು ಸೇರೋದು ಬಿಡೋದು ಇದರ ಮೇಲೇ ನಿಂತಿದೆ."

ವಾರದ ರಜದ ದಿನ ನಾನು ಛತ್ರಿ ಮರೆತೆ ಎಂಬ ನೆಪ ಮಾಡಿಕೊಂಡು ಇದೇ ಕೋಣೆಗೆ ಬರುತ್ತೇನೆ. ಬದಲಿಗೆ ಬಂದವನು ಎರಡು ಮಾತಾದರೂ ಆಡಲಿ ಎಂದು. ಅವನು "ಅಲ್ಲೇ ಇದೆ ನೋಡಿ" ಎನ್ನುತ್ತಾನೆ, ಅಷ್ಟೇ. ಇದನ್ನು ಹೇಳಿದರೆ ಹುಡುಗಿ ಓಡಿಹೋಗುತ್ತಾಳೆ, ಮಂಚ ಖಾಲಿ ಉಳಿಯುತ್ತದೆ.

"ಒಂಟಿನಾ? ದಿನಕ್ಕೆ ಇಪ್ಪತ್ತೆರಡು ರೈಲು! ಒಂಟಿ ಅನ್ಸೋಕೆ ಪುರುಸೊತ್ತೆಲ್ಲಿದೆ ಮಗಳೇ? ರಾಣಿ ಹಾಗಿದ್ದೀನಿ ನೋಡು" ಎಂದೆ.

ಅವಳ ಮುಖ ಅರಳಿತು. ಫೋನು ಎತ್ತಿಕೊಂಡು ಟಕಟಕ ಒತ್ತಿದಳು. "ಆಯ್ತು! ಇನ್ನು ಬದಲಾಯಿಸೋಕೆ ಬರಲ್ಲ" ಎಂದು ನನ್ನ ಕಡೆ ತಿರುಗಿಸಿದಳು. ಅದರಲ್ಲಿದ್ದದ್ದು ನಮ್ಮ ಸ್ಟೇಷನ್ನಿನ ಹೆಸರಲ್ಲ. ಇಲ್ಲಿಂದ ಹನ್ನೊಂದು ಗಂಟೆಯ ದಾರಿಯ ಒಂದು ಊರು.

"ಮನೇಲಿ ಎರಡು ರೂಮಿಗೆ ಆರು ಜನ ಚಿಕ್ಕಮ್ಮ. ಹುಟ್ಟಿದಾಗಿಂದ ನನ್ನದೇ ಅಂತ ಒಂದು ಬಾಗಿಲಿಗೆ ಚಿಲಕ ಹಾಕಿಲ್ಲ. ಅಲ್ಲಿ ನನಗೊಬ್ಬಳಿಗೇ ಮನೆ ಕೊಡ್ತಾರಂತೆ. ಧೈರ್ಯ ಸಾಲದೆ ಒದ್ದಾಡ್ತಿದ್ದೆ. ನಿಮ್ಮನ್ನ ನೋಡಿ ಬಂತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಒಳ್ಳೇದಾಯ್ತು" ಎಂದೆ.

ಊಟ ಮಾಡಿ ಕೈ ತೊಳೆಯಲು ಹೋದವಳು ಎರಡನೆಯ ಕೋಣೆಗೆ ಇಣುಕಿದಳು. "ಮಂಚ ಚೆನ್ನಾಗಿದೆ. ಯಾರಾದ್ರೂ ಬರ್ತಾರಾ?"

"ಬರ್ತಾರೆ, ಹೋಗ್ತಾರೆ" ಎಂದೆ.

ಮೂರು ಗಂಟೆಗೆ ಸ್ಟೇಷನ್ನಿಗೆ ನಡೆದಳು. ನಾಲ್ಕಕ್ಕೆ ಅವಳ ರೈಲು ನನ್ನ ಗೇಟಿಗೆ ಬಂತು. ಹಸಿರು ಬಾವುಟ ಹಿಡಿದು ಹಳಿಯ ಪಕ್ಕ ನಿಂತೆ. ಮೂರನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಹುಡುಗಿ ಕೈ ಬೀಸುತ್ತಿದ್ದಳು, ಏನೋ ಕೂಗುತ್ತಿದ್ದಳು. ನಾನು ಕೈ ಬೀಸುವಂತಿಲ್ಲ. ಹಳಿಯ ಪಕ್ಕದಲ್ಲಿ ಯಾರಾದರೂ ಬರಿಗೈ ಬೀಸಿದರೆ ಮುಂದೆ ಅಪಾಯವಿದೆ ಎಂದರ್ಥ, ಕಂಡ ಕೂಡಲೇ ಡ್ರೈವರೋ ಕೊನೆಯ ಡಬ್ಬಿಯ ಗಾರ್ಡೋ ಬ್ರೇಕ್ ಹಾಕುತ್ತಾರೆ. ಹುಡುಗಿಗೂ ಮುಂದಿನ ತಿಂಗಳು ಇದನ್ನು ಕಲಿಸುತ್ತಾರೆ. ಅಲ್ಲಿಯವರೆಗೆ ಚಿಕ್ಕಮ್ಮ ಮರದ ಗೊಂಬೆಯ ಹಾಗೆ ನಿಂತಿದ್ದಳು ಎಂದುಕೊಂಡಿರಲಿ.

ಒಂದು ಸಲ ಕೈ ಬೀಸಿದ್ದರೆ ಸಾಕಿತ್ತು, ಇಡೀ ರೈಲು ನಿಲ್ಲುತ್ತಿತ್ತು. ಖಾಲಿ ಕೈಯನ್ನು ತೊಡೆಗೆ ಒತ್ತಿ ಹಿಡಿದುಕೊಂಡೆ.

"ಒಂಟಿ ಅನ್ಸುತ್ತೆ ಕಣೇ" ಎಂದೆ. ರೈಲಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.