ಗೆರಿ ಮೀನು, ಚುಕ್ಕಿ ಮೀನು

ಬೈಲಹೊಂಗಲದ ಮಂದಿಗೆ ವೀರಪ್ಪ ಮಾಸ್ತರರ ಮೋರೆಗಿಂತ ಅವರ ಸೀಟಿಯೇ ಹೆಚ್ಚು ಪರಿಚಯ. ಮೂವತ್ನಾಲ್ಕು ವರ್ಷ ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿ ಅದನ್ನು ಊದಿ ಊದಿ, ಅರ್ಧ ಊರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದವರು. ನಿವೃತ್ತರಾದ ಮೇಲೆ ನಿಲ್ಲಿಸಲು ಯಾರೂ ಸಿಗದೆ ಬಿ.ಪಿ. ಏರಿತು. ಮನೆಯಲ್ಲಿದ್ದವರು ಹೆಂಡತಿ ಸಿದ್ದಲಿಂಗವ್ವ, ಕಿತ್ತೂರಿನ ಸಾಲೆಯಲ್ಲಿ ಗಣಿತ ಕಲಿಸುವ ಮಗಳು ಶಿವಾನಿ. ಇಬ್ಬರೂ ಸೀಟಿಗೆ ಬಗ್ಗುವ ಪೈಕಿಯಲ್ಲ.

"ಮನ್ಯಾಗ ಮೀನ ಸಾಕ್ರಿ. ನೋಡಕೋತ ಕುಂತ್ರ ಬಿ.ಪಿ. ಇಳೀತೈತಿ" ಎಂದರು ಡಾಕ್ಟರು.

ಲಿಂಗವಂತರ ಮನೆಗೆ ಮೀನು ಬರುವುದೆಂದರೆ ಸಣ್ಣ ಸುದ್ದಿಯೇ? ಓಣಿಯ ಹೆಂಗಸರು ಮೂಗಿಗೆ ಸೆರಗು ಹಿಡಿದುಕೊಂಡೇ ನೋಡಲು ಬಂದರು. "ಸಾಕಾಕ ತಂದೇವ್ರವ್ವಾ, ಸಾರಿಗಲ್ಲ" ಎಂದು ಹೇಳಿ ಹೇಳಿ ಸಿದ್ದಲಿಂಗವ್ವನ ಗಂಟಲು ಒಣಗಿತು. ಮೀನಿನ ತಿಂಡಿಯ ಡಬ್ಬಿ ವಾಸನೆ ಹೊಡೆಯುತ್ತಿದ್ದುದರಿಂದ ಅದಕ್ಕೆ ಚಪ್ಪಲಿ ಗೂಡಿನಲ್ಲಿ ಜಾಗ ಸಿಕ್ಕಿತು.

ಮೀನಿನ ಅಂಗಡಿಯ ಕಾಂತೇಶ ಮಾಸ್ತರರ ಹಳೆಯ ಶಿಷ್ಯ. ಅವನು ಮೊದಲೇ ಹೇಳಿದ್ದ: "ಸರ, ಇವು ಗುಂಪಿನ್ಯಾಗ ಓಡಾಡೋ ಮೀನ. ಒಂದ ನಮೂನಿದು ಕಡಿಮಿ ಅಂದ್ರ ಆರು ಒಯ್ರಿ. ಒಂಟಿ ಆದ್ರ ಅಂಜತಾವ, ಇಲ್ಲಾ ಕಚ್ಚತಾವ."

ಮಾಸ್ತರರ ಮೈಯೆಲ್ಲ ಉರಿಯಿತು. "ನೀರಿನ್ಯಾಗೂ ಜಾತಿ ಸಂಘ ಕಟ್ಟತೀಯೇನಲೇ? ಬಸವಣ್ಣನವರು ಏನ ಹೇಳ್ಯಾರ? ಆರು ನಮೂನಿದು ಒಂದೊಂದು ಕೊಡು!" ಗಿರಾಕಿಯೂ ಗುರುವೂ ಒಬ್ಬರೇ ಆದಾಗ ಅಂಗಡಿಯವನು ಏನು ಮಾಡಿಯಾನು? ಕಟ್ಟಿಕೊಟ್ಟ. ಮಾಸ್ತರರು ಮನೆಯ ಗಾಜಿನ ತೊಟ್ಟಿಯೊಳಗೆ ಪ್ಲಾಸ್ಟಿಕ್ಕಿನ ಮಂಟಪವೊಂದನ್ನು ಇಳಿಬಿಟ್ಟು, ಅದಕ್ಕೆ ‘ಅನುಭವ ಮಂಟಪ’ ಎಂದು ಹೆಸರನ್ನೂ ಇಟ್ಟರು.

ಅಪ್ಪನ ಈ ಸಮಾನತೆಯನ್ನು ಕಂಡು ಶಿವಾನಿಗೆ ತುಸು ಧೈರ್ಯ ಬಂತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ಕಲ್ಮೇಶನ ವಿಷಯ ಎರಡು ವರ್ಷದಿಂದ ಅವಳ ನಾಲಗೆಯ ತುದಿಯಲ್ಲಿತ್ತು. ಅವನೂ ಲಿಂಗವಂತನೇ. ಆದರೆ ಒಳಪಂಗಡ ಬೇರೆ. ಅಪ್ಪನೋ, ವೇದಿಕೆ ಹತ್ತಿದರೆ ವಚನ ಹೇಳುವವರು, ಇಳಿದರೆ ತಮ್ಮ ಪಂಗಡದ ವಧು-ವರರ ಸಮಾವೇಶದ ಅಧ್ಯಕ್ಷರು. ಹೇಳಲೋ ಬೇಡವೋ ಎಂದು ಅವಳು ದಿನಾ ಮೀನುಗಳನ್ನು ನೋಡುತ್ತಾ ಕೂರುತ್ತಿದ್ದಳು.

ಅನುಭವ ಮಂಟಪದಲ್ಲಿ ನಡೆದದ್ದು ಮಾತ್ರ ಬೇರೆ. ಹುಲಿಪಟ್ಟೆಯ ಮೀನು ಕಂಡ ಕಂಡವರ ಬಾಲ ಕಚ್ಚಿತು. ಉಳಿದವು ಮೂಲೆ ಹಿಡಿದವು. ಮಾಸ್ತರರು ಗಾಜಿನ ಮುಂದೆ ಸೀಟಿ ಊದಿದರು, ಬೈದರು, ಕೊನೆಗೆ ವಚನವನ್ನೂ ಓದಿದರು. ಹದಿನೈದು ದಿನದಲ್ಲಿ ನಾಲ್ಕು ಮೀನು ಲಿಂಗೈಕ್ಯವಾದವು. ಲಿಂಗವಂತರ ಮನೆಯ ಮೀನು, ಚರಂಡಿಗೆ ಎಸೆಯಲಾದೀತೆ? ಸಿದ್ದಲಿಂಗವ್ವ ಅವನ್ನು ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದರು. ಹುಲಿಪಟ್ಟೆಯದನ್ನು ಕಾಂತೇಶ ವಾಪಸು ಒಯ್ದ. ಉಳಿದದ್ದು ಮೈತುಂಬ ಚುಕ್ಕಿಯಿದ್ದ ಒಂದೇ ಒಂದು ಮೀನು. ಅದು ನೀರು ಸೋಸುವ ಮೋಟರಿನ ಹಿಂದೆ ಅಡಗಿ ಕೂತಿತು.

ಅದೇ ವಾರ ಸಿರಸಂಗಿಯಿಂದ ಫೋನು ಬಂತು. ಅವರದೇ ಪಂಗಡದ ವರನ ಕಡೆಯವರು ರವಿವಾರ ಹೆಣ್ಣು ನೋಡಲು ಬರುತ್ತಾರಂತೆ. ಇನ್ನು ಬಾಯಿ ಮುಚ್ಚಿಕೊಂಡರೆ ಕೆಟ್ಟೆ ಎಂದು ಶಿವಾನಿ ಎಲ್ಲ ಹೇಳಿಬಿಟ್ಟಳು.

"ಲಿಂಗವಂತರ ಹುಡುಗನಾ?" ಮಾಸ್ತರರ ಮುಖ ಅರಳಿತು. "ಯಾವ ಪೈಕಿ?"

ಹೇಳಿದಳು. ಅರಳಿದ ಮುಖ ಮುದುಡಿತು. "ಆಗೂದಿಲ್ಲ."

"ಎಲ್ಲಾರೂ ಒಂದ ಅಂತ ಮೀನಿಗೆ ಹೇಳಿದ್ರೆಲ್ಲಪ್ಪಾ?"

"ಆ ಮೀನು ಏನಾದುವು, ನೋಡಿದೆಲ್ಲ? ಕಾಂತೇಶ ಹೇಳಿದ್ದ ಖರೆ. ತಮ್ಮ ತಮ್ಮವರ ಜೋಡಿ ಇದ್ರನ ಸುಖ. ನಾಳೆ ಒಂದ ಕುಲದವು ಆರು ತಂದು ತೋರಸ್ತೇನಿ."

ಬಸವಣ್ಣನವರು ಹದಿನೈದು ದಿನದಲ್ಲಿ ಸೋತು ಹೋದರು. ಶಿವಾನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ತರ್ರಿ. ಚುಕ್ಕಿದು ಅಲ್ಲೇ ಇರಲಿ. ಅವು ಅದನ್ನ ಹೊರಗ ಇಟ್ರ ನಾನ ಸಿರಸಂಗಿಯವರ ಮುಂದ ಚಾ ತಂದಿಡತೇನಿ. ತಮ್ಮೊಳಗ ಸೇರಿಸಿಕೊಂಡ್ರ ನೀವು ಕಲ್ಮೇಶನ ಮನಿಗೆ ಹೋಗಬೇಕು."

"ಗಂಡಸಿನ ಮಾತು" ಎಂದರು ಮಾಸ್ತರರು, ಗೆದ್ದೇಬಿಟ್ಟವರಂತೆ. ಪಂಥ ಕಟ್ಟಿದ ಮೇಲೆ ಶಿವಾನಿಗೆ ಎಚ್ಚರವಾಯಿತು. ಗಣಿತದ ಟೀಚರಾಗಿ ತನ್ನ ಬಾಳನ್ನು ಒಂದು ಮೀನಿನ ಬಾಲಕ್ಕೆ ಕಟ್ಟಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಶನಿವಾರ ಮಧ್ಯಾಹ್ನ ಆರು ಗೆರೆ ಮೀನುಗಳು ಬಂದವು. ಉದ್ದಕ್ಕೂ ನೀಲಿ ಗೆರೆ, ಒಂದರಂತೆ ಇನ್ನೊಂದು. ನೀರಿನ ಬಿಸಿ ಹೊಂದಿಕೊಳ್ಳಲೆಂದು ಕಾಲು ಗಂಟೆ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದರು. ಕ್ಷಣ ಹೊತ್ತು ಚೆದುರಿದ ಆರೂ ಒಂದಾದವು. ಆ ತುದಿಯಿಂದ ಈ ತುದಿಗೆ ಸರ್ರನೆ ಓಡಿ, ಒಟ್ಟಿಗೇ ತಿರುಗಿ, ಮತ್ತೆ ಓಡಿದವು. ಮಾಸ್ತರರ ಕಣ್ಣು ತುಂಬಿ ಬಂದವು. ಇಂಥ ಡ್ರಿಲ್ಲನ್ನು ಅವರು ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

"ದಾಹಿನೇ ಮುಡ್!" ಎಂದು ಬಲಕ್ಕೆ ತಿರುಗುವ ಆಜ್ಞೆ ಕೂಗಿದರು. ಮೀನುಗಳು ಎಡಕ್ಕೆ ತಿರುಗಿದವು.

"ನಿಮ್ಮ ವಿದ್ಯಾರ್ಥಿಗಳ ಹಂಗನ ಅದಾವ" ಎಂದರು ಸಿದ್ದಲಿಂಗವ್ವ.

ಆಗ ಮೋಟರಿನ ಹಿಂದಿನಿಂದ ಚುಕ್ಕಿ ಮೀನು ಮೂತಿ ಹೊರಹಾಕಿತು. ಶಿವಾನಿ ಗಾಜಿಗೆ ಮೂಗು ತಾಗಿಸಿದಳು. ಗುಂಪು ಹತ್ತಿರ ಬಂತು. ಚುಕ್ಕಿ ಮೀನು ಒಳಗೆ ಸರಿಯಿತು. ಮಾಸ್ತರರು ಮೀಸೆಯಲ್ಲೇ ನಕ್ಕರು. ಗುಂಪು ಎರಡನೇ ಸಲ ಬಂತು. ಚುಕ್ಕಿ ಮೀನು ಬಾಲ ಬಡಿದು ಹೊರಗೆ ಹಾರಿ, ನಟ್ಟನಡುವೆ ಸೇರಿಕೊಂಡಿತು. ಯಾರೂ ಕಚ್ಚಲಿಲ್ಲ, ಯಾರೂ ಕುಲ ಕೇಳಲಿಲ್ಲ. ಏಳೂ ಒಟ್ಟಿಗೇ ತಿರುಗಿದವು.

ಮಾಸ್ತರರು ಕಾಂತೇಶನಿಗೆ ಫೋನು ಹಚ್ಚಿದರು. ಸಿಟ್ಟಿನ ಭರದಲ್ಲಿ ಸ್ಪೀಕರ್ ಒತ್ತಿದ್ದೂ ಗೊತ್ತಾಗಲಿಲ್ಲ. "ಎಂಥಾ ಮೀನ ಕೊಟ್ಟೀಯಲೇ? ಗೆರಿಯವು ಚುಕ್ಕಿದನ್ನ ಕರಕೊಂಡು ಓಡ್ಯಾಡಾಕ ಹತ್ತ್ಯಾವ!"

"ಓಡ್ಯಾಡಲಾರದ ಏನ ಮಾಡತಾವರೀ ಸರ? ಎರಡೂ ಒಂದ ಮೀನ. ಮ್ಯಾಲಿನ ಗೆರಿ, ಚುಕ್ಕಿ ಅಷ್ಟ ಬ್ಯಾರೆ. ಗಿರಾಕಿಗಳು ಕೇಳತಾರಂತ ನಾವು ಎರಡು ಹೆಸರ ಇಟ್ಟೇವಿ. ಅವಕ್ಕೇನ ಗೊತ್ತರೀ?"

ಫೋನು ಕೆಳಗಿಟ್ಟು ಮಾಸ್ತರರು ತೊಟ್ಟಿಯ ಮುಂದೆ ಬಗ್ಗಿದರು. ಹಳೆಯ ಅಭ್ಯಾಸ, ತುಟಿಯಲ್ಲೇ ಎಣಿಸಿದರು. ಏಳು. ಡ್ರಿಲ್ ಮಾಸ್ತರರು ಬೇರೆ ಏನು ಸುಳ್ಳು ಹೇಳಿದರೂ, ನೆಟ್ಟಗಿರುವ ಸಾಲನ್ನು ಸೊಟ್ಟ ಎನ್ನಲಾರರು.

"ಸಿರಸಂಗಿಯವರಿಗೆ ಫೋನ್ ನೀವ ಮಾಡತೀರೋ, ನಾ ಮಾಡಲೋ?" ಎಂದರು ಸಿದ್ದಲಿಂಗವ್ವ.

ಮಾಸ್ತರರು ಮಗಳ ಕಡೆ ತಿರುಗಿ ಕೇಳಿದರು: "ಆ ಹುಡುಗ ಎತ್ತರ ಎಷ್ಟ ಅದಾನ?"

ಶಿವಾನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನನಗಿಂತ ನಾಲ್ಕು ಬಟ್ಟ ಎತ್ತರ ಅದಾನಪ್ಪಾ."

"ಹಂಗಾದ್ರ ಫೋಟೋದಾಗ ಹಿಂದಿನ ಸಾಲಿಗೆ ನಿಲ್ಲಲಿ" ಎಂದು ಹೇಳಿ, ಮಾಸ್ತರರು ಸಿರಸಂಗಿಯ ನಂಬರು ಹುಡುಕತೊಡಗಿದರು.